ಸೋಫಾಸ್ಥ ಸಹೃದಯನ ಸಾತ್ತ್ವಿಕ ಭಾವಗಳು: ಒಂದು ಪೀಠಿಕೆ

ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಳಯ ಎಂಬ ಎಂಟು ಸಾತ್ತ್ವಿಕ ಭಾವಗಳನ್ನು ಭರತಮುನಿ ಬರೆದಿಟ್ಟದ್ದು ನಟನ ಪಾಲಿಗೆ. ಈಗಿನ ನಟ ಗ್ಲಿಸರಿನ್ ಹಚ್ಚಿಕೊಂಡು, ಸಂಭಾವನೆ ಎಣಿಸಿಕೊಂಡು ಮನೆಗೆ ಹೋಗುತ್ತಾನೆ. ಬೆವರುವುದು, ನಡುಗುವುದು, ಗಂಟಲು ಕಟ್ಟುವುದು ಎಲ್ಲವೂ ದುಡ್ಡು ಕೊಟ್ಟು ನೋಡುವವನ ತಲೆಗೆ ಬಂದಿದೆ. ಈ ಅನ್ಯಾಯದ ಶಾಸ್ತ್ರೀಯ ವಿವೇಚನೆಯೇ ಪ್ರಸ್ತುತ ಪ್ರಬಂಧದ ವ್ಯಾಪ್ತಿ. ಪ್ರಯೋಗವಸ್ತು ನಮ್ಮ ಸೋದರಮಾವ. ಅವರ ಒಪ್ಪಿಗೆ ಪಡೆದಿಲ್ಲ.

ಮೊದಲು ಅಶ್ರು. 'ಮುತ್ತಿನ ಹಾರ' (1990) ಟಿವಿಯಲ್ಲಿ ಬಂದು, ವಿಷ್ಣುವರ್ಧನ್ ಸಮವಸ್ತ್ರ ತೊಟ್ಟು ನಿಂತರೆ ಸಾಕು, ಮಾವ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗುತ್ತಾರೆ. ಕನ್ನಡಕ ಒರೆಸಿ ಮುಗಿದರೂ ಪಂಚೆಯ ಅಂಚು ಮುಖ ಬಿಟ್ಟು ಇಳಿಯುವುದಿಲ್ಲ. ಕೇಳಿದರೆ, "ನಿಮ್ಮತ್ತೆ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದ್ಳು ಕಣೋ, ಘಾಟು" ಎನ್ನುತ್ತಾರೆ. ಇದನ್ನು ಸುಳ್ಳೆಂದು ನಗುವವರು ನಾಟ್ಯಶಾಸ್ತ್ರದ ಏಳನೆಯ ಅಧ್ಯಾಯ ಓದಿಲ್ಲ. ಕಣ್ಣೀರಿನ ಕಾರಣಗಳಲ್ಲಿ ಭರತ ಶೋಕ, ಭಯಗಳ ಜೊತೆಗೆ ಹೊಗೆ, ಕಾಡಿಗೆ, ಆಕಳಿಕೆ, ಶೀತ ಎಲ್ಲವನ್ನೂ ಸೇರಿಸಿದ್ದಾನೆ; ರೆಪ್ಪೆ ಮಿಟುಕಿಸದೆ ನೋಡುವುದನ್ನೂ ಬಿಟ್ಟಿಲ್ಲ. ಮೀಸೆ ಹೊತ್ತ ಗಂಡಸರು ಮುಂದೊಂದು ಕಾಲಕ್ಕೆ ಯುದ್ಧದ ಸಿನಿಮಾ ನೋಡಿ ಅತ್ತು ಸಿಕ್ಕಿಬೀಳುತ್ತಾರೆಂದು ತಿಳಿದೇ ಮುನಿ ನೆಪಗಳ ಪಟ್ಟಿ ಮಾಡಿಟ್ಟು ಹೋಗಿದ್ದಾನೆ.

ದೆವ್ವದ ಚಿತ್ರಗಳನ್ನು ದೀಪ ಆರಿಸಿ ನೋಡುವ ಸಂಪ್ರದಾಯವಿರುವುದರಿಂದ ವೈವರ್ಣ್ಯವನ್ನು, ಅಂದರೆ ಮುಖ ಬಣ್ಣಗೆಡುವುದನ್ನು, ಪರಿಶೀಲಿಸಲಾಗಲಿಲ್ಲ. ವೇಪಥುವಿಗೆ, ಅಂದರೆ ನಡುಕಕ್ಕೆ, ಮಾತ್ರ ಬಲವಾದ ಪುರಾವೆಯಿದೆ. ಹಿಚ್‌ಕಾಕ್‌ನ 'ಸೈಕೋ' (1960) ಚಿತ್ರದ ಸ್ನಾನದ ಮನೆಯಲ್ಲಿ ಹರಿಯುವುದು ರಕ್ತವಲ್ಲ, ಚಾಕಲೇಟ್ ಸಿರಪ್. ಕಪ್ಪು-ಬಿಳುಪು ಚಿತ್ರವಾದ್ದರಿಂದ ನಡೆದುಹೋಯಿತು. ಇದನ್ನು ಮನೆಮಂದಿಗೆಲ್ಲ ಹೇಳಿಕೊಟ್ಟವರೇ ಮಾವ. ಹೇಳುತ್ತ ಹೇಳುತ್ತಲೇ ಎರಡೂ ಕಾಲು ಸೋಫಾದ ಮೇಲಕ್ಕೆಳೆದುಕೊಂಡು ದಿಂಬನ್ನು ಎದೆಗವಚಿಕೊಳ್ಳುತ್ತಾರೆ. ಚಿತ್ರದಲ್ಲಿ ಬರೆದ ಕುದುರೆಯನ್ನು ಕಂಡಾಗ ಹುಟ್ಟುವ ಅರಿವು ನಿಜವೂ ಅಲ್ಲ, ಸುಳ್ಳೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯವೂ ಅಲ್ಲ ಎಂದು ರಸಮೀಮಾಂಸಕ ಶ್ರೀಶಂಕುಕ ವಾದಿಸಿದ. ಸರಿ, ಆದರೆ ಕುದುರೆಯ ಚಿತ್ರ ನೋಡಿ ಯಾರಾದರೂ ಕಾಲು ಮೇಲೆತ್ತಿಕೊಂಡ ದಾಖಲೆಯಿಲ್ಲ. ಆದ್ದರಿಂದ ಚಿತ್ರತುರಗ ನ್ಯಾಯದ ಪಕ್ಕದಲ್ಲಿ 'ಸಿರಪ್ ನ್ಯಾಯ'ವೆಂಬ ಹೊಸದೊಂದನ್ನು ವಿದ್ವಾಂಸರು ಅಂಗೀಕರಿಸಬೇಕಾಗಿದೆ. 'ಸೈಕೋ' ನೋಡಿದ ರಾತ್ರಿ ಮಾವ ಬಚ್ಚಲ ಬಾಗಿಲು ತೆರೆದಿಟ್ಟು, ರಾಯರ ಹೆಸರನ್ನು ಗಟ್ಟಿಯಾಗಿ ಹೇಳುತ್ತ ಕೈಕಾಲು ತೊಳೆದದ್ದು ಭರತ ಎಣಿಸಿದ, ಬಂದುಹೋಗುವ 33 ವ್ಯಭಿಚಾರಿ ಭಾವಗಳಲ್ಲಿ ಯಾವುದಕ್ಕೂ ಹೊಂದುತ್ತಿಲ್ಲ.

ಇನ್ನು ಪ್ರಳಯ, ಅಂದರೆ ಎಚ್ಚರ ತಪ್ಪುವುದು. 'ಬಾರ್ಡರ್' (1997) ಚಿತ್ರದಲ್ಲಿ ಲೋಂಗೇವಾಲಾ ಗಡಿಠಾಣೆಯ ಮೇಲೆ ಟ್ಯಾಂಕುಗಳು ನುಗ್ಗುವ ಹೊತ್ತಿಗೆ ಮಾವ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಇದು ರಸಭಂಗವಲ್ಲ, ಪ್ರಳಯದ ಕಾರಣಗಳಲ್ಲಿ ಭರತ ನಿದ್ರೆಯನ್ನೂ ಎಣಿಸಿದ್ದಾನೆ. ಚಾನೆಲ್ ಬದಲಿಸಿದರೆ ಮಾತ್ರ "ನೋಡ್ತಾ ಇದೀನಲ್ಲೋ, ಹಾಕು" ಎಂದು ಥಟ್ಟನೆ ಏಳುತ್ತಾರೆ.

ಹಾಗೆ ನೋಡಿದರೆ ಯುದ್ಧ, ಮರಣ, ನಗರದ ಮುತ್ತಿಗೆಗಳನ್ನು ರಂಗದ ಮೇಲೆ ತೋರಿಸಲೇಬಾರದು, ಅಂಕಗಳ ನಡುವಿನ ಪ್ರವೇಶಕದ ಮೂಲಕ ಸುದ್ದಿಯಾಗಿ ತಿಳಿಸಬೇಕು ಎಂಬುದು ಭರತನ ಕಟ್ಟಪ್ಪಣೆ. ಇದನ್ನು ಅಕ್ಷರಶಃ ಪಾಲಿಸುತ್ತಿರುವವರು ನಮ್ಮತ್ತೆಯೊಬ್ಬರೇ. ಅವರು ತೆರೆಯತ್ತ ತಿರುಗಿಯೂ ನೋಡದೆ ಅಡುಗೆಮನೆಯಿಂದಲೇ ವಿಚಾರಿಸುತ್ತಾರೆ:

"ಸತ್ನೇನ್ರೀ?"

"ಇನ್ನೂ ಇಲ್ಲ ಕಣೇ. ಮನೆಯಿಂದ ಬಂದ ಕಾಗದ ಓದ್ತಾ ಇದಾನೆ."

"ಹಾಗಾದ್ರೆ ಸಾಯ್ತಾನೆ ಬಿಡಿ. ಊಟಕ್ಕೆ ಏಳಿ, ಸಾರು ಆರ್ತಾ ಇದೆ."