ಹೊಟ್ಟೆ ಕಟ್ಟಿ ಹೊರಟವರು

ಪರದೇಶಕ್ಕೆ ಹೊರಟ ಕನ್ನಡಿಗರ ಮನೆಯಲ್ಲಿ ಪಾಸ್‌ಪೋರ್ಟಿಗಿಂತ ಮೊದಲು ಹೊರಬರುವುದು ತೂಕದ ಯಂತ್ರ. ವಿಮಾನದವರು ಒಂದು ಚೀಲಕ್ಕೆ ಕೊಡುವುದು 23 ಕಿಲೋ. ಅದಕ್ಕಿಂತ ಒಂದು ಕಿಲೋ ಹೆಚ್ಚಾದರೆ ಕೌಂಟರಿನ ಹುಡುಗಿ ಮುಖ ಗಂಟಿಕ್ಕುತ್ತಾಳೆ. ಅಲ್ಲೇ ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿ, ಚಟ್ನಿಪುಡಿಯೋ ಪಂಚೆಯೋ ಎಂಬ ಧರ್ಮಸಂಕಟಕ್ಕೆ ಸಿಲುಕಿ, ಕೊನೆಗೆ ಪಂಚೆಯನ್ನೇ ಕಳಿಸಲು ಬಂದವರ ಕೈಗಿಟ್ಟು ಒಳಗೆ ಹೋಗುವ ಜನ ನಾವು. ಆದರೆ ಸೂಟ್‌ಕೇಸ್ ತಳ್ಳಿಕೊಂಡು ಬಂದವನ ತೂಕವನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಸೊಂಟದ ಸುತ್ತ ಇನ್ನೆರಡು ಚೀಲದ ಸಾಮಾನು ಹೊತ್ತವನಿಗೂ ಅದೇ ಟಿಕೆಟ್ಟು, ಅದೇ ದರ. ಲೆಕ್ಕ ಕೇಳುವವರು ಬೇರೆ ಇದ್ದಾರೆ: ಮೊಣಕಾಲು, ರಕ್ತದೊತ್ತಡ, ಸಕ್ಕರೆ ಕಾಯಿಲೆ. ಅವರು ದಂಡ ವಸೂಲಿ ಮಾಡದೆ ಬಿಡುವುದಿಲ್ಲ.

ಡಲ್ಲಾಸಿನಲ್ಲಿರುವ ನನ್ನ ಭಾವಮೈದುನನಿಗೆ ಈ ಮೂವರೂ ಒಟ್ಟಿಗೇ ನೋಟಿಸು ಕೊಟ್ಟಾಗ, ಅವನು ಜಠರ ಕಿರಿದು ಮಾಡಿಸಿಕೊಳ್ಳುವ ತೀರ್ಮಾನಕ್ಕೆ ಬಂದ. ಅದಕ್ಕೆ ಮೊದಲು ಅವನು ಮಾಡದ ಪಥ್ಯವಿರಲಿಲ್ಲ. ಕೀಟೋ ಮಾಡಿದ, ಬಿಸಿನೀರಿಗೆ ನಿಂಬೆ ಹಿಂಡಿದ, ದೈವಭಕ್ತಿ ಅಷ್ಟಕ್ಕಷ್ಟೇ ಆದರೂ ವಾರಕ್ಕೆರಡು ಏಕಾದಶಿ ಆಚರಿಸಿದ. ಇಳಿದ ತೂಕ ಪ್ರತಿ ಸಲವೂ ಬಂಧುಬಳಗ ಸಮೇತ ಮರಳಿ ಬಂತು.

ಅವನ ಕಂಪನಿಯ ವಿಮೆ ಕಣ್ಣಿಗಿದೆ, ಹಲ್ಲಿಗಿದೆ, ಮನಸ್ಸಿಗೂ ಇದೆ. ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಮಾತ್ರ ಇಲ್ಲ. ಅಮೆರಿಕದಲ್ಲಿ ಎಷ್ಟೋ ಕಂಪನಿಗಳ ವಿಮೆಯ ಕತೆ ಇದೇ. ಕೈಯಿಂದ ಕಟ್ಟುವುದಾದರೆ 15ರಿಂದ 20 ಸಾವಿರ ಡಾಲರ್, ಕೆಲವೆಡೆ ಇನ್ನೂ ಹೆಚ್ಚು. ಅದೇ ಗಡಿಯಾಚೆ ಮೆಕ್ಸಿಕೋದ ಟಿಹುವಾನಾದಲ್ಲಿ ಐದಾರು ಸಾವಿರದೊಳಗೆ ಮುಗಿಯುತ್ತದೆ, ಅದೂ ವಿಮಾನ ನಿಲ್ದಾಣದಿಂದ ಕರೆದೊಯ್ಯುವ ವ್ಯಾನು, ಹೋಟೆಲು ಎಲ್ಲ ಸೇರಿ. ನಾವಿರುವ ಸ್ಯಾನ್ ಡಿಯೇಗೊ ಆ ಗಡಿಗೆ ಅಂಟಿಕೊಂಡ ಊರು. ಹಾಗಾಗಿ ‘ರೋಗಿಯ ಜೊತೆಯವರು’ ಎಂಬ ಹುದ್ದೆ ಅರ್ಜಿ ಹಾಕದೆಯೇ ನನಗೆ ಸಿಕ್ಕಿತು.

ಸುದ್ದಿ ಮೈಸೂರಿಗೆ ತಲುಪಿದ್ದೇ ತಡ ಅತ್ತೆಯವರ ಫೋನು. “ಹೊಟ್ಟೆ ಕೊಯ್ಸ್ಕೊಳ್ಳೋಕೆ ಇನ್ನೊಂದು ದೇಶಕ್ಕೆ ಯಾಕೋ ಹೋಗ್ಬೇಕು? ಬೆಂಗ್ಳೂರಲ್ಲಿ ಡಾಕ್ಟ್ರಿಲ್ವಾ? ಇಲ್ಲಿಗೇ ಬಾ. ನಾನಿದೀನಿ, ಬಾಯಿಗೆ ರುಚಿಯಾಗಿ ಮಾಡಿ ಹಾಕ್ತೀನಿ.”

“ಅದಕ್ಕೇ ಅಮ್ಮ ಬರ್ತಿಲ್ಲ,” ಎಂದ ಮಗ.

ಬೆಂಗಳೂರಿನಲ್ಲಿ ಡಾಕ್ಟರುಗಳಿಗೇನೂ ಕಮ್ಮಿಯಿಲ್ಲ. ಗಲ್ಫಿನಿಂದ, ಆಫ್ರಿಕಾದಿಂದ ಜನ ಅಲ್ಲಿಗೇ ಚಿಕಿತ್ಸೆಗೆ ಬರುತ್ತಾರೆ. ಆದರೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಇಪ್ಪತ್ತು ಗಂಟೆಗೂ ಮಿಕ್ಕಿ ವಿಮಾನದಲ್ಲಿ ಮುದುರಿ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ. ಇದು ಅವನು ಎಲ್ಲರಿಗೂ ಕೊಟ್ಟ ಕಾರಣ. ನನಗೆ ಗುಟ್ಟಾಗಿ ಹೇಳಿದ್ದು, ಊರಿನಲ್ಲಿ ಮಲಗಿದರೆ ನೋಡಲು ಬಂದವರೆಲ್ಲ ಕೈಯಲ್ಲಿ ಕೋಡುಬಳೆ ಡಬ್ಬ ಹಿಡಿದೇ ಬರುತ್ತಾರೆ ಎಂದು.

ಈ ಶಸ್ತ್ರಚಿಕಿತ್ಸೆಗೂ ಅರ್ಹತೆ ಬೇಕು. 1991ರಲ್ಲಿ ಅಮೆರಿಕದ ತಜ್ಞರು ಹಾಕಿದ ಗೆರೆಯಂತೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆಯಾದ ಬಿಎಂಐ 40 ದಾಟಿರಬೇಕಿತ್ತು, ಇಲ್ಲವೇ 35 ದಾಟಿ ಜೊತೆಗೊಂದು ಗಂಭೀರ ಕಾಯಿಲೆ ಇರಬೇಕಿತ್ತು. 2022ರಲ್ಲಿ ಆ ಗೆರೆಯನ್ನು ಕೆಳಗಿಳಿಸಿದರು. ಈಗ 35 ಇದ್ದರೆ ಬೇರೆ ಕಾಯಿಲೆಯ ಹಂಗಿಲ್ಲ. ಏಷ್ಯಾದ ಜನರ ವಿಷಯದಲ್ಲಿ 27.5ರಿಂದಲೇ ಯೋಚಿಸಬಹುದು. ನಮ್ಮವರಿಗೆ ಕಡಿಮೆ ಬೊಜ್ಜಿಗೇ ಸಕ್ಕರೆ ಕಾಯಿಲೆ ಹತ್ತಿಕೊಳ್ಳುತ್ತದೆ ಎಂಬುದು ಕಾರಣ. ವೀಸಾ, ಗ್ರೀನ್ ಕಾರ್ಡು ಯಾವುದರಲ್ಲೂ ನಮಗೆ ರಿಯಾಯಿತಿ ಕೊಡದ ಲೋಕ ಇದೊಂದರಲ್ಲಿ ಧಾರಾಳವಾಗಿ ಕೊಟ್ಟಿದೆ.

ಸಿದ್ಧತೆ ಶುರುವಾದದ್ದು ಕಾಗದಪತ್ರದಿಂದ. ಭಾರತದ ಪಾಸ್‌ಪೋರ್ಟ್ ಇದ್ದವರಿಗೂ ಅಮೆರಿಕದ ಗ್ರೀನ್ ಕಾರ್ಡ್ ಇದ್ದರೆ ಮೆಕ್ಸಿಕೋದ ವೀಸಾ ಬೇಡ. ಅಷ್ಟರಮಟ್ಟಿಗೆ ಸಲೀಸು. ತಲೆನೋವು ಇರುವುದು ಡಾಕ್ಟರನ್ನು ಆರಿಸುವುದರಲ್ಲಿ. ಮದುವೆಗೆ ಗಂಡು ನೋಡುವಾಗ ಅತ್ತೆಯವರು ಹೇಗೆ ವಿಚಾರಿಸುತ್ತಿದ್ದರೋ ಹಾಗೆ ವಿಚಾರಿಸಬೇಕೆಂದು ನಾನೂ ಅವನೂ ಕೂತೆವು. ಕತ್ತಿ ಹಿಡಿಯುವವರು ಯಾರು, ಈ ಶಸ್ತ್ರಚಿಕಿತ್ಸೆಯಲ್ಲಿ ಎಷ್ಟು ಪಳಗಿದ್ದಾರೆ, ಅರಿವಳಿಕೆ ಕೊಡುವವರು ಯಾರು, ಅದೇ ಕಟ್ಟಡದಲ್ಲಿ ತೀವ್ರ ನಿಗಾ ಘಟಕ ಇದೆಯೇ, ಉಪಕರಣಗಳನ್ನು ಹೇಗೆ ಶುದ್ಧ ಮಾಡುತ್ತಾರೆ. ಕೊನೆಯದು ಸುಮ್ಮನೆ ಕೇಳಿದ ಪ್ರಶ್ನೆಯಲ್ಲ. 2019ರ ಆರಂಭದಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ಒಂದು ಎಚ್ಚರಿಕೆ ಹೊರಡಿಸಿತ್ತು. ಟಿಹುವಾನಾದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದ ಕೆಲವರಿಗೆ ಹೆಚ್ಚಿನ ಆಂಟಿಬಯಾಟಿಕ್‌ಗಳಿಗೆ ಬಗ್ಗದ ಸೋಂಕು ತಗುಲಿತ್ತು. ಅವರಲ್ಲಿ ಬಹುಪಾಲು ಜನ ತೂಕ ಇಳಿಸಿಕೊಳ್ಳಲೆಂದೇ ಹೋದವರು. ಅಗ್ಗದ ದರಪಟ್ಟಿಯಲ್ಲಿ ಇಂಥದ್ದನ್ನು ಯಾರೂ ಅಚ್ಚು ಹಾಕಿಸುವುದಿಲ್ಲ.

ಇನ್ನೊಂದು ಮುಖ್ಯ ಕೆಲಸವೆಂದರೆ, ಹೊರಡುವ ಮೊದಲೇ ಇತ್ತ ಕಡೆ ಒಬ್ಬ ಡಾಕ್ಟರನ್ನು ಗೊತ್ತುಮಾಡಿಕೊಂಡಿರುವುದು. ಹೊಲಿಗೆಯ ಸಾಲಿನಲ್ಲಿ ಸೋರಿಕೆಯಾದರೆ ಜ್ವರ, ಎದೆಬಡಿತದ ಓಟ ಕಾಣಿಸಿಕೊಳ್ಳುವುದು ಮನೆಗೆ ಬಂದ ಮೇಲೂ ಆಗಬಹುದು. ಆಗ ಮೆಕ್ಸಿಕೋದ ಡಾಕ್ಟರು ಫೋನಿನಲ್ಲಿ ಹೊಟ್ಟೆ ಮುಟ್ಟಿ ನೋಡಲಾರರು. ಸಾಮಾನ್ಯ ಪ್ರಯಾಣ ವಿಮೆ ಬೇಕೆಂದೇ ಮಾಡಿಸಿಕೊಂಡ ಶಸ್ತ್ರಚಿಕಿತ್ಸೆಯ ತೊಡಕಿಗೆ ಒದಗುವುದೂ ಅಪರೂಪ. ಸಣ್ಣ ಅಕ್ಷರಗಳನ್ನು ಓದಲು ಕನ್ನಡಕ ಬದಲಿಸಬೇಕಾದರೆ ಬದಲಿಸಿಯಾದರೂ ಓದಬೇಕು.

ಇಷ್ಟಾದ ಮೇಲೆ ಹೊಟ್ಟೆಯ ಸಿದ್ಧತೆ. ಶಸ್ತ್ರಚಿಕಿತ್ಸೆಗೆ ಮುಂಚೆ ಸಾಮಾನ್ಯವಾಗಿ ಎರಡು ವಾರ ಹೆಚ್ಚುಕಡಿಮೆ ದ್ರವಾಹಾರ. ದಪ್ಪಗಿರುವವರ ಯಕೃತ್ತಿನಲ್ಲೂ ಕೊಬ್ಬು ತುಂಬಿ ಅದು ಊದಿಕೊಂಡು ಜಠರದ ಮೇಲೆ ಕವುಚಿರುತ್ತದೆ. ಅದನ್ನು ಎತ್ತಿ ಹಿಡಿದೇ ಕೆಳಗಿನ ಕೆಲಸ ಮಾಡಬೇಕು. ಎರಡು ವಾರ ಪಿಷ್ಟ, ಸಕ್ಕರೆ ಬಿಟ್ಟರೆ ಯಕೃತ್ತು ಕುಗ್ಗಿ ದಾರಿ ಬಿಡುತ್ತದೆ. ಈ ಪಥ್ಯ ಹಿಡಿಯುವ ಹಿಂದಿನ ದಿನಗಳಲ್ಲಿ ಅಮೆರಿಕದ ರೋಗಿಗಳು ಇಷ್ಟದ ತಿಂಡಿಯನ್ನೆಲ್ಲ ಕೊನೆಯ ಬಾರಿಗೆಂದು ತಿಂದು ತೀರಿಸುವ ಪದ್ಧತಿಯೊಂದಿದೆ. ಅದಕ್ಕೆ ‘ಫುಡ್ ಫ್ಯೂನರಲ್’ ಎಂದೇ ಹೆಸರು. ನಾವು ತಿಥಿಗೆ ಊಟ ಹಾಕುತ್ತೇವೆ, ಇವರು ಊಟಕ್ಕೇ ತಿಥಿ ಮಾಡುತ್ತಾರೆ. ಡಾಕ್ಟರುಗಳು ಬೇಡವೆಂದೇ ಹೇಳುತ್ತಾರೆ. ನನ್ನ ಭಾವಮೈದುನ ಡಾಕ್ಟರರ ಮಾತನ್ನು ಗೌರವಿಸಿ ಮಸಾಲೆದೋಸೆಯೊಂದಕ್ಕೆ ಮಾತ್ರ ಅಂತಿಮ ನಮನ ಸಲ್ಲಿಸಿದ. ಒಂದೇ ದೋಸೆಯೇ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ನಮ್ಮ ಮನೆಗೆ ಬಂದಿಳಿದ ಅವನ ಪೆಟ್ಟಿಗೆ ನೋಡಿ ನನ್ನ ಹೆಂಡತಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ತಮ್ಮನ ಪೆಟ್ಟಿಗೆಯಲ್ಲಿ ತಿನ್ನುವ ವಸ್ತುವೇ ಇಲ್ಲ! ಗಾಯದ ಮೇಲೆ ಒತ್ತದ ಸಡಿಲ ಪೈಜಾಮ, ಬಗ್ಗದೆ ಕಾಲು ತೂರಿಸುವ ಚಪ್ಪಲಿ, ನೀರು ಕೊಡದ ಹೊತ್ತಿನಲ್ಲಿ ಒಡೆಯುವ ತುಟಿಗೆ ಮುಲಾಮು, ಕಾರಿನ ಬೆಲ್ಟಿಗೂ ಹೊಟ್ಟೆಗೂ ನಡುವೆ ಇಟ್ಟುಕೊಳ್ಳಲು ಪುಟ್ಟ ದಿಂಬು, ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ. ಆಸ್ಪತ್ರೆಯ ಪ್ಲಗ್ಗು ಯಾವಾಗಲೂ ಮಂಚದಿಂದ ಎರಡು ಮಾರು ದೂರ ಇರುತ್ತದಾದ್ದರಿಂದ ಉದ್ದ ತಂತಿಯ ಚಾರ್ಜರು. ಜಗತ್ತಿನ ಎಲ್ಲ ಗೋಡೆಗೂ ಹೊಂದುವ ಪ್ಲಗ್ಗೊಂದನ್ನು ದುಡ್ಡು ಕೊಟ್ಟು ತಂದಿದ್ದ. ಮೆಕ್ಸಿಕೋದ ಪ್ಲಗ್ಗಿಗೂ ಅಮೆರಿಕದ್ದಕ್ಕೂ ಭೇದವಿಲ್ಲವೆಂದು ಆಮೇಲೆ ತಿಳಿಯಿತು.

ರಕ್ತ ಹೆಪ್ಪುಗಟ್ಟದಿರಲೆಂದು ಹಾಕುವ ಬಿಗಿ ಕಾಲುಚೀಲದ ಪ್ರಯೋಗ ನಮ್ಮ ಸೋಫಾದ ಮೇಲೆ ನಡೆಯಿತು. ಅವನು ಹಿಂದಕ್ಕೆ ಒರಗಿ ಕಾಲು ಚಾಚಿದ; ನಾನು ನೆಲದ ಮೇಲೆ ಕೂತು ಎರಡೂ ಹೆಬ್ಬೆರಳು ತೂರಿಸಿ ಎಳೆದೆ. ಹಿಮ್ಮಡಿವರೆಗೆ ಬಂತು, ನಿಂತಿತು. ಹೆಂಡತಿ ಮೊಣಕಾಲು ಹಿಡಿದಳು. ಹಿಮ್ಮಡಿ ದಾಟಿತು, ಆದರೆ ಹಿಮ್ಮಡಿ ಕೂರಬೇಕಾದ ಉಬ್ಬು ಮುಂಗಾಲಿನ ಮೇಲೆ ಬಂದು ಕೂತಿತು. ಬಿಚ್ಚಿ ಮತ್ತೆ ಮೊದಲಿನಿಂದ. ಮೂವರಿಗೂ ಬೆವರು. “ತೂಕ ಇಳಿಯೋದು ಇದ್ರಿಂದ್ಲೇ ಇರ್ಬೇಕು ಭಾವ,” ಎಂದ.

ಟಿಹುವಾನಾ ವಿಚಿತ್ರ ಊರು. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿದ್ದಾಗ ಬಾಯಾರಿದ ಅಮೆರಿಕನ್ನರು ಗಡಿ ದಾಟಿ ಇಲ್ಲಿಗೇ ಬರುತ್ತಿದ್ದರು. ಹಾಗೆ ಬಂದವರಿಗಾಗಿ 1924ರಲ್ಲಿ ಸೀಸರ್ ಕಾರ್ಡಿನಿ ಎಂಬ ಹೋಟೆಲಿನವರು ಕೈಗೆ ಸಿಕ್ಕಿದ ಸೊಪ್ಪು, ಚೀಸು, ಮೊಟ್ಟೆ ಕಲಸಿ ಕೊಟ್ಟದ್ದೇ ಸೀಸರ್ ಸಲಾಡ್ ಆಗಿ ಜಗತ್ತು ಸುತ್ತಿತೆಂದು ಪ್ರತೀತಿ. ತುಂಬಿಸಿಕೊಳ್ಳಲು ಬರುತ್ತಿದ್ದ ಊರಿಗೆ ಈಗ ಕತ್ತರಿಸಿಕೊಳ್ಳಲು ಬರುತ್ತಾರೆ. ಆಸ್ಪತ್ರೆಯಲ್ಲಿ ಭಾವಮೈದುನನನ್ನು ಒಳಗೆ ಕರೆದೊಯ್ದ ಮೇಲೆ ನಾನು ಹೊರಗೆ ಬಂದು ಊಟ ಮಾಡಿದೆನೆಂಬುದನ್ನು ಅವನಿಗೆ ಇಂದಿಗೂ ಹೇಳಿಲ್ಲ.

ಅವನಿಗೆ ಮಾಡಿದ್ದು ‘ಸ್ಲೀವ್’. ಜಠರದ ಮುಕ್ಕಾಲು ಭಾಗದಷ್ಟನ್ನು ಸ್ಟೇಪಲ್ ಹೊಡೆದು ಕತ್ತರಿಸಿ ಹೊರತೆಗೆದು, ಕಿರಿದಾದ ಕೊಳವೆಯೊಂದನ್ನು ಉಳಿಸುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಆ ಹೊರಹೋಗುವ ಭಾಗದಲ್ಲೇ. ಎಚ್ಚರವಾದ ಕೆಲವೇ ಗಂಟೆಗಳಲ್ಲಿ ನರ್ಸಮ್ಮ ಅವನನ್ನು ಎಬ್ಬಿಸಿ, ಡ್ರಿಪ್ಪಿನ ಕಂಬ ಹಿಡಿಸಿ ಓಣಿಯುದ್ದಕ್ಕೂ ನಡೆಸಿದರು. ಒಳಗೆ ಕೆಲಸ ಮಾಡಲು ಜಾಗವಾಗಲೆಂದು ಹೊಟ್ಟೆಗೆ ತುಂಬಿದ ಗಾಳಿ ಅಷ್ಟಿಷ್ಟು ಉಳಿದು ವಪೆಗೆ ಒತ್ತಿದರೆ ನೋವು ಭುಜದಲ್ಲಿ ಕಾಣಿಸುತ್ತದಂತೆ. “ಭಾವ, ಕೊಯ್ದಿದ್ದು ಹೊಟ್ಟೆ, ನೋಯ್ತಿರೋದು ಭುಜ. ಸರಿಯಾದ ರೋಗಿಗೇ ಮಾಡಿದಾರಾ ಒಂದ್ಸಲ ಕೇಳಿ,” ಎಂದ. ಮರುದಿನ ಬಂದದ್ದು ಔಷಧಿ ಅಳೆಯುವ 30 ಮಿಲಿಲೀಟರಿನ ಲೋಟ. ಅಷ್ಟು ನೀರನ್ನು ಕಾಲು ಗಂಟೆ ಹಿಡಿಸಿ ಗುಟುಕರಿಸಬೇಕು. ಚೊಂಬು ಎತ್ತಿ ಮಜ್ಜಿಗೆ ಸುರಿದುಕೊಳ್ಳುತ್ತಿದ್ದವನು ಆ ಲೋಟವನ್ನು ಬೆಳಕಿಗೆ ಹಿಡಿದು ನೋಡಿದ, ಒಂದು ಗುಟುಕು ಹೀರಿದ, ಕೆಳಗಿಟ್ಟು ಉಸಿರು ಬಿಟ್ಟ.

ವಾಪಸು ಬರುವಾಗ ಸ್ಯಾನ್ ಇಸಿದ್ರೊ ಗಡಿ. ಪ್ರಪಂಚದಲ್ಲೇ ಅತಿ ಹೆಚ್ಚು ಜನ ದಾಟುವ ಭೂಗಡಿಗಳಲ್ಲಿ ಅದೂ ಒಂದು. ಕಾರುಗಳ ಸಾಲು ಗಂಟೆಗಟ್ಟಲೆ ಹರಿಯದು. ಆ ಸಾಲಿನ ನಡುವೆಯೇ ತಿಂಡಿ ಮಾರುವವರ ಜಾತ್ರೆ. ಚಕ್ಕುಲಿಯನ್ನು ಸುರುಳಿ ಬಿಚ್ಚಿ ನೆಟ್ಟಗೆ ಮಾಡಿ, ಸಕ್ಕರೆ-ದಾಲ್ಚಿನ್ನಿಯಲ್ಲಿ ಹೊರಳಿಸಿದಂತಿರುವ ಬಿಸಿ ಚುರ್ರೋಗಳನ್ನು ಕಾಗದದ ಪೊಟ್ಟಣದಲ್ಲಿ ಹಿಡಿದು ಕಿಟಕಿ ಕಿಟಕಿಗೂ ಬರುತ್ತಾರೆ. ಶುದ್ಧ ದ್ರವಾಹಾರಿ ಹೊಟ್ಟೆಗೆ ದಿಂಬು ಒತ್ತಿಕೊಂಡು ಕಣ್ಣು ಮುಚ್ಚಿದ. ನಾನು ಗಾಜು ಏರಿಸಿದೆ. ವಾಸನೆ ಏಸಿಯ ಮೂಲಕ ಬಂತು. ಕೊನೆಗೆ ಗಡಿಯ ಅಧಿಕಾರಿ ಮಾಮೂಲಿ ಪ್ರಶ್ನೆ ಕೇಳಿದ, ಮೆಕ್ಸಿಕೋದಿಂದ ಏನು ತರುತ್ತಿದ್ದೀರಿ ಎಂದು. “ತಂದಿದ್ದೇನೂ ಇಲ್ಲ ಸಾರ್, ಸ್ವಲ್ಪ ಬಿಟ್ಟು ಬಂದಿದೀನಿ,” ಎಂದು ಇವನು ಇಂಗ್ಲಿಷಿನಲ್ಲಿ ಹೇಳಿದ. ಅಧಿಕಾರಿ ದಿಂಬನ್ನೊಮ್ಮೆ ನೋಡಿದ. ಇಂಥವರನ್ನು ದಿನವೂ ನೋಡುವವನಿರಬೇಕು. ನಗದೆ ಕೈ ಬೀಸಿ ಕಳಿಸಿದ.

ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರು ಕನಿಷ್ಠ 10 ದಿನ ವಿಮಾನ ಹತ್ತಬಾರದೆಂದು ಸಿಡಿಸಿಯ ಸಲಹೆ. ಹಾಗಾಗಿ ಡಲ್ಲಾಸಿಗೆ ಮರಳುವವರೆಗೆ ಅಕ್ಕನ ಮನೆಯಲ್ಲೇ ಬಿಡಾರ. ಇಷ್ಟೆಲ್ಲ ಪಟ್ಟಿ ಮಾಡಿಕೊಂಡು ಹೊರಟವರು ಸಿದ್ಧ ಮಾಡದೆ ಬಿಟ್ಟಿದ್ದ ಒಂದು ಸಂಗತಿ ಇಲ್ಲಿ ಎದುರಾಯಿತು. ಅದು ನಮ್ಮ ಅಡುಗೆಮನೆಯ ಸೌಟು.

ನಮ್ಮ ಪಂಕ್ತಿಗಳಲ್ಲಿ ಎಲೆಗೆ ಅಡ್ಡ ಕೈ ಹಿಡಿದರೆ ಬಡಿಸುವವರು ಬೆರಳ ಸಂದಿಯಲ್ಲೇ ಸುರಿಯುತ್ತಾರೆ. ಆ ಪರಂಪರೆಯಲ್ಲಿ ಬೆಳೆದ ನನ್ನ ಹೆಂಡತಿ ಖಾರವಿಲ್ಲದ ಬೇಳೆಕಟ್ಟಿನ ಸಾರು ಮಾಡಿ, ಬಟ್ಟೆಯಲ್ಲಿ ಸೋಸಿ, ಬಟ್ಟಲಿಗೆ ಹಾಕಿ ಕೊಟ್ಟಳು. ತಮ್ಮ ನಾಲ್ಕು ಚಮಚ ಕುಡಿದು ಬಟ್ಟಲು ಸರಿಸಿದ. “ಇಷ್ಟೇನಾ? ಉಪ್ಪು ಕಮ್ಮಿ ಆಯ್ತೇನೋ?” ಇಲ್ಲ. “ಹಿಂಗು ಜಾಸ್ತಿಯಾ?” ಅಲ್ಲ. “ಮತ್ತೆ ಯಾಕೆ ಬಿಟ್ಟೆ?” ಹೊಟ್ಟೆ ತುಂಬಿತಕ್ಕ. ಇದನ್ನು ನಂಬಲು ಅವಳಿಗೆ ಸಾಧ್ಯವಾಗಲಿಲ್ಲ. ಅವನ ಹೊಟ್ಟೆ ತುಂಬಿದ್ದು ಎಂದರೇನೆಂದು ಅವಳು ಬಾಲ್ಯದಿಂದ ಬಲ್ಲಳು. ಊಟದ ಜೊತೆ ನೀರು ಕುಡಿಯಬಾರದು, ಅರ್ಧ ಗಂಟೆ ಬಿಡಬೇಕು ಎಂದಾಗ ಇನ್ನಷ್ಟು ಕಳವಳ. ಮೊದಲು ನೀರಿಟ್ಟು ಆಮೇಲೆ ತಟ್ಟೆ ಇಡುವ ಮನೆ ನಮ್ಮದು. ಒಂದು ಸಂಜೆ ಪಥ್ಯದ ಸಲಹೆಗಾರ್ತಿಗೆ ಅವಳೇ ಫೋನು ಮಾಡಿ ವಾದ ಹೂಡಿದಳು. ಆಕೆ ಸಮಾಧಾನದಿಂದ ವಿವರಿಸಿದರಂತೆ: ಒಂದು ಚಮಚ ಹೆಚ್ಚಾದರೆ ಅವನಿಗೆ ವಾಂತಿ, ಎದೆ ಹಿಡಿದಂಥ ನೋವು. ದಿನಕ್ಕೆ 60 ಗ್ರಾಂ ಪ್ರೋಟೀನು ಒಳಗೆ ಹೋಗಬೇಕು, ಸಸ್ಯಾಹಾರಿಗೆ ಅದೇ ಕಷ್ಟ, ಬೇಕಾದರೆ ಅದರ ಬಗ್ಗೆ ತಲೆಕೆಡಿಸಿಕೊಳ್ಳಿ. ಬಿ12 ಮೊದಲೇ ನಿಮ್ಮವರಲ್ಲಿ ಕಡಿಮೆ. ಇನ್ನು ಜೀವನಪೂರ್ತಿ ವಿಟಮಿನ್ ತಪ್ಪಿಸುವಂತಿಲ್ಲ.

ಅಂದಿನಿಂದ ಅವಳ ಉಪಚಾರದ ಹಟ ಬೇರೆ ಕಡೆ ತಿರುಗಿತು. ಎಷ್ಟು ಬಡಿಸಿದೆ ಎಂಬುದರ ಬದಲು ಬಡಿಸಿದ್ದರಲ್ಲಿ ಎಷ್ಟು ಪ್ರೋಟೀನಿದೆ ಎಂದು ಲೆಕ್ಕ ಹಾಕತೊಡಗಿದಳು. ವಾರ ಕಳೆದಂತೆ ಗಟ್ಟಿ ಮೊಸರು, ನುಣ್ಣಗೆ ಅರೆದ ಹೆಸರುಬೇಳೆ, ಹಿಸುಕಿದ ಪನೀರು. ಅವನು ಬೇಡವೆಂದಾಗ ಕೈ ಹಿಂದೆ ಹೋಗುತ್ತಿತ್ತು, ಆದರೆ ಅರೆಕ್ಷಣ ತಡೆದು.

ಶಸ್ತ್ರಚಿಕಿತ್ಸೆ ಜಠರವನ್ನು ಕಿರಿದು ಮಾಡುತ್ತದೆ. ಅಕ್ಕಂದಿರ, ಅತ್ತೆಯರ, ಮದುವೆಮನೆಯ ಬಡಿಸುವವರ ಪ್ರೀತಿಯನ್ನು ಯಾವ ಸ್ಟೇಪಲ್ಲೂ ಕಿರಿದು ಮಾಡಲಾರದು. ಅದಕ್ಕೆ ಬೇರೆ ಪಾತ್ರೆ ಹುಡುಕಿಕೊಡದಿದ್ದರೆ ಅದು ಹಳೆಯ ಹೊಟ್ಟೆಗೇ ಬಂದು ಬೀಳುತ್ತದೆ. ಕಿರಿದಾದ ಜಠರವೂ ವರ್ಷಗಳಲ್ಲಿ ಸ್ವಲ್ಪ ಹಿಗ್ಗಬಲ್ಲದು, ಇಳಿದ ತೂಕದ ಒಂದಂಶ ಮರಳಬಲ್ಲದು ಎಂದು ಡಾಕ್ಟರುಗಳೇ ಹೇಳುತ್ತಾರೆ.

ಈಗ ನಾನು ಈ ವಿಷಯದಲ್ಲಿ ಅರೆ ಪಂಡಿತನೆಂದು ನಮ್ಮ ಕನ್ನಡ ಕೂಟದಲ್ಲಿ ಹೆಸರಾಗಿದೆ. ಆಗಾಗ ಯಾರಾದರೂ ದನಿ ತಗ್ಗಿಸಿ ಫೋನು ಮಾಡುತ್ತಾರೆ: “ನಮ್ಮ ಸ್ನೇಹಿತರೊಬ್ಬರಿಗೆ ಬೇಕಿತ್ತು, ಅಲ್ಲಿಗೆ ಹೋಗೋಕೆ ಏನೇನು ತಯಾರಿ ಮಾಡ್ಕೋಬೇಕು?” ಪಾಸ್‌ಪೋರ್ಟು, ರಕ್ತಪರೀಕ್ಷೆ, ಡಾಕ್ಟರ ಪೂರ್ವಾಪರ, ಕಾಲುಚೀಲ, ದಿಂಬು ಎಲ್ಲ ಹೇಳುತ್ತೇನೆ. ಆ ಸ್ನೇಹಿತರು ಅವರೇ ಎಂದು ಗೊತ್ತಿದ್ದರೂ ಗೊತ್ತಿಲ್ಲದಂತೆ ಇರುತ್ತೇನೆ. ಕೊನೆಗೆ ಕೇಳುವುದು ಒಂದೇ ಪ್ರಶ್ನೆ:

“ಅವರ ಮನೇಲಿ ಬಡಿಸೋರು ಯಾರು? ಸ್ವಲ್ಪ ಫೋನು ಅವ್ರಿಗೆ ಕೊಡಿ.”