ಒಂದೂವರೆ ಗಂಟೆಯ ಮಂಗಳೂರು

ಮುಂಬಯಿಯಲ್ಲಿ ದೂರ ಕೇಳಿದರೆ ಯಾರೂ ಕಿಲೋಮೀಟರಿನಲ್ಲಿ ಹೇಳುವುದಿಲ್ಲ. "ಡೊಂಬಿವಲಿ ಎಷ್ಟು ದೂರ?" ಎಂದರೆ, "ಫಾಸ್ಟ್ ಸಿಕ್ಕಿದರೆ ಗಂಟೆಯ ದಾರಿ, ಸ್ಲೋ ಆದರೆ ದೇವರೇ ಗತಿ" ಎನ್ನುತ್ತಾರೆ. ಇಂಥ ಊರಿನಲ್ಲಿ ತಲೆ ನರೆತವನಿಗೆ ವಿಮಾನದವರ ಲೆಕ್ಕ ಕಂಡರೆ ನಗು ಬರುತ್ತದೆ. ಮುಂಬಯಿಯಿಂದ ಮಂಗಳೂರಿಗೆ ಆಕಾಶಮಾರ್ಗದಲ್ಲಿ ಸುಮಾರು 710 ಕಿಲೋಮೀಟರ್, ಸಮಯ ಒಂದೂವರೆ ಗಂಟೆಯಂತೆ!

ಈ ಒಂದೂವರೆ ಗಂಟೆ ಉಡುಪಿಯ ಚಿಕ್ಕಮ್ಮನ ಕಿವಿಗೂ ಬಿದ್ದಿದೆ. "ಬೆಳಿಗ್ಗೆ ತಿಂಡಿ ತಿಂದು ಹೊರಡು ಮಗಾ, ಮಧ್ಯಾಹ್ನದ ಊಟಕ್ಕೆ ಎಲೆ ಹಾಕಿರ್ತೇನೆ" ಎನ್ನುತ್ತಾರೆ. ಚಿಕ್ಕಮ್ಮನ ಭೂಪಟದಲ್ಲಿ ನಾನಿರುವ ಡೊಂಬಿವಲಿ ಇಲ್ಲ.

ಸೂಟ್‌ಕೇಸ್ ಹಿಡಿದು ಲೋಕಲ್ ಹತ್ತುವುದೇ ಒಂದು ಸಾಹಸ. ಹಿಂದಿನವರು ನನ್ನನ್ನು ಒಳಗೆ ತಳ್ಳುತ್ತಾರೆ, ಸೂಟ್‌ಕೇಸ್ ಮಾತ್ರ ಪ್ಲಾಟ್‌ಫಾರ್ಮಿನಲ್ಲೇ ನಿಲ್ಲಲು ಹಟ ಹಿಡಿಯುತ್ತದೆ. ಯಾರೋ ಪುಣ್ಯಾತ್ಮರು ಅದನ್ನು ತಲೆಗಳ ಮೇಲಿಂದ ಕೈದಾಟಿಸಿ ಮಾಳಿಗೆಗೇರಿಸಿ, "ಗಾವಾಲಾ ಚಾಲ್ಲಾ ಕಾ?" ಎಂದು ವಿಚಾರಿಸುತ್ತಾರೆ. ಘಾಟ್ಕೋಪರ್‌ನಲ್ಲಿ ಇಳಿದು ಮೆಟ್ರೋ, ಮರೋಳ್ ನಾಕಾದಲ್ಲಿ ಇನ್ನೊಂದು ಮೆಟ್ರೋ, ಅಲ್ಲಿಂದ ಮುಂದಿನ ಸ್ಟೇಶನ್ನೇ ವಿಮಾನ ನಿಲ್ದಾಣದ ಟರ್ಮಿನಲ್ ಎರಡು. ಎರಡು ಗಂಟೆ ಮೊದಲೇ ಬನ್ನಿ ಎಂಬ ಅಪ್ಪಣೆ ಬೇರೆ. ಬೆಲ್ಟ್ ಬಿಚ್ಚಿ, ಕಿಸೆ ಖಾಲಿ ಮಾಡಿ ಗೇಟಿನೆದುರು ಕೂರುವ ಹೊತ್ತಿಗೆ ಚಿಕ್ಕಮ್ಮ ಬಾಳೆ ಎಲೆ ಒರೆಸುತ್ತಿರುತ್ತಾರೆ.

ವಿಮಾನ ಏರಿದರೆ ಸರಿಯೇ, ಒಂದು ಚಹಾ ಮುಗಿಯುವಷ್ಟರಲ್ಲಿ ಮಂಗಳೂರಿನ ಬಜ್ಪೆ ನಿಲ್ದಾಣ. ಅಲ್ಲಿಂದ ಉಡುಪಿಗೆ ಟ್ಯಾಕ್ಸಿ ಹಿಡಿದರೆ ಮತ್ತೆ ಗಂಟೆ ಮೀರಿದ ದಾರಿ. ಮರಳಿ ಬರುವಾಗಿನ ಕತೆಯೇ ಬೇರೆ. ಮುಂಬಯಿಯ ಎರಡು ರನ್‌ವೇಗಳು ಒಂದನ್ನೊಂದು ಅಡ್ಡ ಹಾಯುವುದರಿಂದ ಎರಡನ್ನೂ ಒಟ್ಟಿಗೆ ಬಳಸಲಾಗದು. ಹಾಗಾಗಿ ಸರದಿಗಾಗಿ ಮೇಲೆಯೇ ಗಿರಕಿ. ಇಲ್ಲಿ ಆಕಾಶಕ್ಕೂ ಟ್ರಾಫಿಕ್ ಜಾಮ್ ತಪ್ಪಿದ್ದಲ್ಲ.

ಹಾಗೆ ನೋಡಿದರೆ ಮುಂಬಯಿಗೆ ವಿಮಾನ ಹೊಸದಲ್ಲ. 1948ರ ಜೂನ್ 8ರಂದು ಏರ್ ಇಂಡಿಯಾದ 'ಮಲಬಾರ್ ಪ್ರಿನ್ಸೆಸ್' ಕೈರೋ, ಜಿನೀವಾ ಮುಟ್ಟಿಕೊಂಡು ಮುಂಬಯಿಯಿಂದ ಲಂಡನ್ನಿಗೆ ಹಾರಿತು. ಈಗ ಆ 7,200 ಕಿಲೋಮೀಟರಿಗೆ ನಡುವೆ ಎಲ್ಲೂ ಇಳಿಯಬೇಕಾಗಿಲ್ಲ. ಆದರೆ ನಮ್ಮವರು ಆ ಕಾಲದಲ್ಲಿ ಊರಿಗೆ ಹೋಗುತ್ತಿದ್ದುದು ಕರಾವಳಿಯ ಹಡಗಿನಲ್ಲಿ, ಆಮೇಲೆ ಘಟ್ಟ ಹತ್ತಿಳಿಯುವ ಬಸ್ಸಿನಲ್ಲಿ. ಕೊಂಕಣ ರೈಲು ಬಂದದ್ದು 1998ರಲ್ಲಿ. ಅದೇ ವರ್ಷ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಓಡತೊಡಗಿತು.

ಈಗ ನವಿ ಮುಂಬಯಿಯಲ್ಲೂ ವಿಮಾನ ನಿಲ್ದಾಣವಾಗಿದೆ. ಡೊಂಬಿವಲಿಗೆ ಅದು ಹತ್ತಿರವೇ, ಒಪ್ಪುತ್ತೇನೆ. ಆದರೂ ನನ್ನ ಓಟು ಮತ್ಸ್ಯಗಂಧಾಕ್ಕೇ. ಮಧ್ಯಾಹ್ನದ ಮೇಲೆ ಠಾಣೆಯಲ್ಲಿ ಹತ್ತಿ ಮಲಗಿದರೆ ಬೆಳಗಾಗುವಾಗ ಊರ ಕಡೆಯ ಗಾಳಿ. ಬರುವಾಗಲೂ ಹದಿನೈದು ಕಿಲೋದ ಮಿತಿ ಹೇಳಿ ಕುಚ್ಚಲಕ್ಕಿ ಮೂಟೆಯನ್ನು ತಕ್ಕಡಿಗೆ ಹಾಕಿಸುವವರಿಲ್ಲ. ನೀವೂ ಹೋಗುವುದಾದರೆ 60 ದಿನ ಮೊದಲೇ ಬುಕಿಂಗ್ ತೆರೆಯುತ್ತದೆ, ಬೆಳಿಗ್ಗೆ ಎಂಟಕ್ಕೇ ಕೂತುಬಿಡಿ. ಮೇ ತಿಂಗಳಿನದ್ದಾದರೆ ಅದೂ ತಡವೇ.