ಸ್ವರಹಾಳೆಯ ವೀರಗಲ್ಲು: ಕುಕ್ ಟೌನ್ ದೃಷ್ಟಿಯಿಂದ ಒಂದು ಶಾಸನಾಧ್ಯಯನ

ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ ರಾಜರಾಣಿಯರ ತೈಲಚಿತ್ರಗಳ ಜೊತೆಗೆ ರಾಕ್ ಹಾಡುಗಳ ಸ್ವರಹಾಳೆಯ ಮುಖಪುಟಗಳನ್ನೂ ಭಾವಚಿತ್ರಗಳೆಂದೇ ಕಾಪಾಡಿದೆ. ಶ್ಲಾಘನೀಯ. ಆದರೆ ಅಲ್ಲಿನ ವಿದ್ವಾಂಸರಿಗೆ ವೀರಗಲ್ಲು ಓದಿ ಅಭ್ಯಾಸವಿಲ್ಲ. ಆ ಕೊರತೆಯನ್ನು ಬೆಂಗಳೂರಿನ ಕುಕ್ ಟೌನಿನಿಂದ ತುಂಬಿಕೊಡುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. (ಕುಕ್ ಟೌನ್ ಇರುವುದು ಸರ್ವಜ್ಞನಗರ ವಿಧಾನಸಭಾ ಕ್ಷೇತ್ರದಲ್ಲಿ. ಲೇಖಕನ ಅರ್ಹತೆಗೆ ಬೇರೆ ಆಧಾರ ಬೇಕಿಲ್ಲ.)

ಇಲ್ಲಿನ ಹಳೆಯ ಬಂಗಲೆಗಳ ಪಿಯಾನೋ ಸ್ಟೂಲಿನ ಮುಚ್ಚಳ ಎತ್ತಿದರೆ ಸಿಗುವ ಹಾಳೆ ಮೂರು ಪಟ್ಟಿಕೆಗಳ ವೀರಗಲ್ಲೇ. ಕೆಳಗೆ ಬೆಲೆ ಮತ್ತು ಪ್ರಕಾಶಕರ ವಿಳಾಸ. ನಡುವೆ ಆಯುಧಪಾಣಿಗಳಾದ ವೀರರು. ಮೇಲೆ, ಕೈಲಾಸದ ಜಾಗದಲ್ಲಿ, ಹಾಡಿನ ಹೆಸರು. ನಕಲು ಮಾಡಬಾರದೆಂಬ ಸಣ್ಣಕ್ಷರದ ಸಾಲು ನಿಸ್ಸಂಶಯವಾಗಿ ಶಾಪಾಶಯ. ವಾರಣಾಸಿಯಲ್ಲಿ ಸಾವಿರ ಕವಿಲೆ ಕೊಂದ ಪಾಪದ ಬದಲು ಇಲ್ಲಿ ವಕೀಲರ ನೋಟಿಸು.

ಕಾಲನಿರ್ಣಯ ಸುಲಭ. ಬೆಲೆ ಶಿಲ್ಲಿಂಗಿನಲ್ಲಿ ಮಾತ್ರ ಇದ್ದರೆ ಹಾಳೆ 1971ರ ಫೆಬ್ರುವರಿಗಿಂತ ಹಿಂದಿನದೆನ್ನಬಹುದು. ಬ್ರಿಟನ್ ಆಗಷ್ಟೇ ದಶಮಾಂಶ ನಾಣ್ಯಕ್ಕೆ ಬಂತು. (ನಾವು 1957ರಲ್ಲೇ ಆ ಕೆಲಸ ಮುಗಿಸಿದ್ದೆವು.) ರೋಲಿಂಗ್ ಸ್ಟೋನ್ಸ್ ತಂಡದ ಹಾಳೆಯಲ್ಲಿ, 1969ರಲ್ಲಿ ತೀರಿಕೊಂಡ ಬ್ರಯಾನ್ ಜೋನ್ಸನ ಮುಖವಿದ್ದರೆ ಆ ಚಿತ್ರವನ್ನು ಆ ವರ್ಷದಿಂದ ಈಚೆಗೆ ಎಳೆಯುವಂತಿಲ್ಲ.

ಈಗ ಮುಖ್ಯ ಸಮಸ್ಯೆ. ಆ ಕಾಲದ ಸ್ಟೋನ್ಸ್ ಚಿತ್ರಗಳಲ್ಲಿ ಐವರು. ಲೆಕ್ಕಕ್ಕೆ ಆರು ಜನ ಇರಬೇಕಿತ್ತು. ಆರನೆಯವನು ಇಯಾನ್ ಸ್ಟೂವರ್ಟ್, ತಂಡ ಕಟ್ಟಿದವರಲ್ಲಿ ಒಬ್ಬ, ಪಿಯಾನೋ ವಾದಕ. ಆರು ಮುಖ ಅಭಿಮಾನಿಗಳಿಗೆ ಜಾಸ್ತಿಯಾಯಿತು, ಅದರಲ್ಲೂ ಈ ಮುಖ ಒಗ್ಗುವುದಿಲ್ಲ ಎಂದು ಮ್ಯಾನೇಜರ್ ಆ್ಯಂಡ್ರೂ ಲೂಗ್ ಓಲ್ಡಮ್ 1963ರಲ್ಲಿ ಅವನನ್ನು ಚಿತ್ರದಿಂದ ಹೊರಗಿಟ್ಟ. ಸ್ಟೂವರ್ಟ್ ತಂಡ ಬಿಡಲಿಲ್ಲ. ವ್ಯಾನ್ ಓಡಿಸಿದ, ಸಾಮಾನು ಹೊತ್ತ, ರೆಕಾರ್ಡಿಂಗಿನಲ್ಲಿ ಪಿಯಾನೋ ನುಡಿಸಿದ. 1985ರಲ್ಲಿ ಸಾಯುವವರೆಗೂ ಜೊತೆಗೇ ಇದ್ದ.

ಇನ್ನು ಹಾಳೆ ಬಿಡಿಸಿ. ಸಾಮಾನ್ಯವಾಗಿ ಒಳಗಿರುವುದು ಪಿಯಾನೋಗೆ ಬರೆದ ಸ್ವರಲಿಪಿ, ಅದರ ತಲೆಯ ಮೇಲೆ ಗಿಟಾರ್ ಕಾರ್ಡುಗಳ ಪುಟ್ಟ ಚೌಕಗಳು. ಡ್ರಮ್ಸಿಗೆ ಒಂದು ಗೆರೆಯೂ ಇಲ್ಲ. ಹಾಗಾಗಿ ಡ್ರಮ್ಮರ್ ಚಾರ್ಲಿ ವಾಟ್ಸನಿಗೆ ಮುಖವುಂಟು, ಕೆಲಸವಿಲ್ಲ. ಸ್ಟೂವರ್ಟನಿಗೆ ಕೆಲಸವೆಲ್ಲ ಉಂಟು, ಮುಖವಿಲ್ಲ. ಹಾಳೆಯನ್ನು ಸ್ಟ್ಯಾಂಡಿನ ಮೇಲೆ ತೆರೆದಿಟ್ಟರಂತೂ ಐವರು ವೀರರೂ ಪಿಯಾನೋದ ಹಲಗೆಗೆ ಮೂಗು ಒತ್ತಿಕೊಂಡು ನಿಲ್ಲುತ್ತಾರೆ. ನುಡಿಸುವವರಿಗೆ ಒಬ್ಬನೂ ಕಾಣುವುದಿಲ್ಲ.

ತುಲನೆಗೆ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರು ಕಲ್ಲನ್ನು ನೋಡಬಹುದು. ಸುಮಾರು 949-50ರ ಆ ಕಲ್ಲಿನಲ್ಲಿ ಹಂದಿಯೊಡನೆ ಕಾದಾಡಿ ಮಡಿದ ಕಾಳಿ ಎಂಬ ನಾಯಿಯ ಚಿತ್ರವಿದೆ, ಹೆಸರೂ ಇದೆ. ಒಗ್ಗದ ಮುಖವೆಂದು ಯಾರೂ ತಕರಾರು ತೆಗೆದಂತಿಲ್ಲ. ರಾಷ್ಟ್ರಕೂಟರ ಕಾಲಕ್ಕೆ ಮ್ಯಾನೇಜರುಗಳು ಇರಲಿಲ್ಲವೆಂಬುದಕ್ಕೆ ಇದು ಪ್ರಬಲ ಪುರಾವೆ.

ಪೂರ್ವಪಕ್ಷವೊಂದಿದೆ: ಆರನೆಯವನನ್ನು ಯಾರೂ ಹೊರಹಾಕಲಿಲ್ಲ, ಫೋಟೋ ತೆಗೆಯುವ ಹೊತ್ತಿಗೆ ಅವನು ವ್ಯಾನಿಗೆ ಜಾಗ ಹುಡುಕುತ್ತಿದ್ದ. ದಾಖಲೆಗಳು ಇದನ್ನು ಒಪ್ಪುವುದಿಲ್ಲ. ಆದರೆ ಸಂಜೆ ಆರರ ಮೇಲೆ ವೀಲರ್ ರಸ್ತೆಯಲ್ಲಿ ಗಾಡಿ ನಿಲ್ಲಿಸಲು ಹೊರಟವರು ಈ ವಾದವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾರರು.